ಸುಳ್ಳೆಂದು ತಿಳಿದು ಓದಿದ್ದೇನೆ

ಮಾರ್ಚ್ 3, ಭಾನುವಾರ

ಬೀಗದ ಪುಸ್ತಕ ಇವತ್ತು ನನ್ನ ಕೈಗೆ ಬಂತು. ಯೋಗ್ಯತೆ ನೋಡಿ ಕೊಟ್ಟದ್ದಲ್ಲ. ಅದರ ಬೆನ್ನು ಮುರಿದಿದೆ, ನಾನು ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಷ್ಟೆ.

ಅಭಿಮಾನಿ ಬಳಗ ಸೇರಿ ಎರಡು ವರ್ಷವಾದರೂ ಇಂಥದ್ದೊಂದು ಪುಸ್ತಕ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬಳಗದಲ್ಲಿ ನಾವು ಹನ್ನೊಂದು ಜನ. ಭಾನುವಾರ ಭಾನುವಾರ ಟೈಲರಣ್ಣನ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿ ರೇಡಿಯೋದ ಗುರುವಾರದ ನಾಟಕದ ಹಳೆಯ ಕಂತುಗಳನ್ನು ಕೇಳುತ್ತೇವೆ. ಹಡಗು ಕಳೆದುಕೊಂಡ ಕ್ಯಾಪ್ಟನ್ ಒಬ್ಬ, ಸಮುದ್ರದ ನಡುವೆ ದೀಪಸ್ತಂಭ ಕಾಯುವವನು ಒಬ್ಬ. ಹದಿನಾಲ್ಕು ವರ್ಷದಿಂದ ಅವರಿಬ್ಬರ ಮಾತುಕತೆಯೇ ನಾಟಕ. ಅವರ ಮೇಲೆ ನಾವೂ ಕಥೆ ಬರೆದು ಒಬ್ಬರಿಗೊಬ್ಬರು ಓದಿ ಹೇಳುತ್ತೇವೆ. ಅದರಲ್ಲಿ ತಪ್ಪಿಲ್ಲ. ಕ್ಯಾಪ್ಟನ್ ಶಾಯಿಯಲ್ಲಿ ಹುಟ್ಟಿದವನು. ಮುಳುಗಿಸಿದರೂ ತೇಲಿಸಿದರೂ ಮುದಿವಯಸ್ಸಲ್ಲಿ ಮದುವೆ ಮಾಡಿಸಿದರೂ ಅವನಿಗೆ ನೋಯುವುದಿಲ್ಲ.

ಬೀಗದ ಪುಸ್ತಕದಲ್ಲಿರುವುದು ಕ್ಯಾಪ್ಟನ್ನನ ಕಥೆಯಲ್ಲ, ಅವನಿಗೆ ದನಿ ಕೊಡುವ ನಟರ ಕಥೆ. ಕ್ಯಾಪ್ಟನ್ನನ ಪಾತ್ರ ಮಾಡುವವರನ್ನು ಬಳಗದಲ್ಲಿ ದೊಡ್ಡವರು ಎನ್ನುತ್ತೇವೆ, ದೀಪ ಕಾಯುವವನ ಪಾತ್ರ ಮಾಡುವವರನ್ನು ಚಿಕ್ಕವರು. ಇಬ್ಬರೂ ಇದೇ ಊರಲ್ಲಿ ಬದುಕಿದ್ದಾರೆ, ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಾರೆ. ಅಂಥವರ ಮನೆ, ಮುನಿಸು, ಒಂಟಿತನವನ್ನೆಲ್ಲ ಬಳಗದವರು ಕೂತು ಕಟ್ಟಿದ್ದಾರೆ. ಫೋನಿನ ಗುಂಪಿಗೆ ಹಾಕುವುದಿಲ್ಲವಂತೆ. ಕೈಯಲ್ಲೇ ಬರೆದು, ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರಂತೆ. ಕೋಣೆ ಬಿಟ್ಟು ಹೊರಗೆ ಹೋಗುವಂತಿಲ್ಲ. ಓದುವವರು ಮೊದಲ ಪುಟದಲ್ಲಿ ಒಂದು ಸಾಲು ಬರೆದು ಸಹಿ ಹಾಕಬೇಕು: 'ಸುಳ್ಳೆಂದು ತಿಳಿದು ಓದಿದ್ದೇನೆ.' ಹತ್ತು ಜನರ ಕೈಬರಹ ಅಲ್ಲಿದೆ. ಎಲ್ಲಕ್ಕಿಂತ ಮೇಲೆ ಟೀಚರ್ ಸಹಿ.

ಟೀಚರ್ ಸಹಿ ನೋಡಿ ಮನಸ್ಸು ಕೆಟ್ಟಿತು. ನನ್ನನ್ನು ಬಳಗಕ್ಕೆ ಕರೆತಂದವರು ಅವರು, ನನ್ನ ವಾಕ್ಯಗಳನ್ನು ತಿದ್ದಿದವರು ಅವರು. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕೊಡುತ್ತಾ ಹೇಳಿದ್ದು ಇಷ್ಟೇ:

"ಓದೋದಾದ್ರೆ ಸಹಿ ಹಾಕಿ ಓದು. ಇಲ್ಲ ಅಂದ್ರೆ ಸುಮ್ನೆ ಹೊಲಿದು ಕೊಡು."

ಮಾರ್ಚ್ 5, ಮಂಗಳವಾರ

ಓದಿದೆ. ಸಹಿ ಹಾಕಲಿಲ್ಲ. ಸಹಿ ಹಾಕುವುದೆಂದರೆ ಒಪ್ಪುವುದು. ಕಳ್ಳಮಾಲೆಂದು ತಿಳಿದು ಕೊಂಡಿದ್ದೇನೆ ಎಂದು ಚೀಟಿ ಬರೆದುಕೊಟ್ಟರೆ ಕಳ್ಳತನ ಮಾಫಿಯಾಗುತ್ತದೆಯೇ?

ನನ್ನ ಶಾಲೆ ಎಂದರೆ ಅಂಗಡಿಯ ಯಜಮಾನರ ಕತ್ತರಿಸುವ ಯಂತ್ರದ ಪಕ್ಕದ ಬುಟ್ಟಿ. ಹೆಚ್ಚಾಗಿ ಅಚ್ಚಾದ ಕರಪತ್ರಗಳೆಲ್ಲ ಬಂದು ಬೀಳುವುದು ಅಲ್ಲಿಗೆ. ಕಾರ್ಮಿಕರದು, ಹೆಂಗಸರ ಸಂಘದ್ದು, ಕುಡಿತ ಬಿಡಿಸುವವರದು, ಮರ ಉಳಿಸುವವರದು, ಎಲ್ಲ ಓದಿದ್ದೇನೆ. ಒಂದಕ್ಕೊಂದು ಎಣ್ಣೆ ಸೀಗೇಕಾಯಿ. ಆದರೂ ಎಲ್ಲದರ ಕೊನೆಯಲ್ಲಿ ಒಂದೇ ಮಾತಿರುತ್ತದೆ: ಕಂಡೂ ಸುಮ್ಮನಿರುವವನು ತಪ್ಪಿನಲ್ಲಿ ಪಾಲುದಾರ. ಬಳಗದಲ್ಲಿ ನನ್ನ ಅಡ್ಡಹೆಸರೇ 'ಕರಪತ್ರ'. ಅವರು ತಮಾಷೆಗೆ ಇಟ್ಟದ್ದು. ನಾನು ಬಿರುದೆಂದು ತೆಗೆದುಕೊಂಡಿದ್ದೇನೆ.

ಪುಸ್ತಕದ ಅತಿ ಉದ್ದದ ಕಥೆ ಟೀಚರದು. ದೊಡ್ಡವರ ಕಣ್ಣು ಮಂಜಾಗುತ್ತಾ ಹೋಗಿ ಈಗ ಅಕ್ಷರವೇ ಕಾಣಿಸುವುದಿಲ್ಲ. ಯಾರಿಗೂ ಹೇಳಿಲ್ಲ. ಬುಧವಾರ ಸಂಜೆ ಚಿಕ್ಕವರು ಅವರ ಮನೆಗೆ ಹೋಗಿ ಮರುದಿನದ ಮಾತುಗಳನ್ನೆಲ್ಲ ಓದಿ ಹೇಳುತ್ತಾರೆ, ದೊಡ್ಡವರು ಕೇಳಿ ಕೇಳಿ ಬಾಯಿಪಾಠ ಮಾಡುತ್ತಾರೆ. ಗುರುವಾರ ಮೈಕಿನ ಮುಂದೆ ಬರೀ ನೆಪಕ್ಕೆ ಹಾಳೆ ಹಿಡಿದು ನಿಲ್ಲುತ್ತಾರೆ. ಇಷ್ಟೇ ಕಥೆ.

ಬದುಕಿರುವ ಮನುಷ್ಯನ ಕಣ್ಣು ಕಿತ್ತು ತಮ್ಮ ಕಥೆಯ ದೀಪಕ್ಕೆ ಎಣ್ಣೆ ಮಾಡಿಕೊಂಡಿದ್ದಾರೆ. ಓದುವಾಗ ಎರಡು ಕಡೆ ನನಗೆ ಅಳು ಬಂತು. ಸಿಟ್ಟು ಬಂದದ್ದು ಅದಕ್ಕೇ.

ಮಾರ್ಚ್ 9, ಶನಿವಾರ

ರೇಡಿಯೋ ಆಫೀಸಿನ ಗುಮಾಸ್ತರು ಹೋದ ವರ್ಷದ ನಾಟಕದ ಹಾಳೆಗಳನ್ನು ಬೈಂಡಿಂಗಿಗೆ ತಂದರು. ಪ್ರತಿ ವರ್ಷ ತರುತ್ತಾರೆ, ನಟರಿಬ್ಬರ ಪ್ರತಿಗಳೂ ಬೇರೆ ಬೇರೆ ಕಟ್ಟು. ಯಜಮಾನರಿಗೆ ಅದು ಬರೀ ತೂಕದ ಕಾಗದ. ನಾನು ಕೈ ತೊಳೆದುಕೊಂಡು ಬಿಚ್ಚಿದೆ.

ಚಿಕ್ಕವರ ಕಟ್ಟು ಅವ್ಯವಸ್ಥೆ. ಪೆನ್ಸಿಲ್ ಗೀಟು, ಚಹಾ ಲೋಟದ ಉಂಗುರ, ಮಡಚಿದ ಮೂಲೆಗಳು. ದೊಡ್ಡವರದು ಅಚ್ಚಿನಿಂದ ಈಗ ಬಂದ ಹಾಗಿದೆ. ಒಂದು ಗೀಟಿಲ್ಲ, ಹೆಬ್ಬೆರಳಿನ ಒಂದು ಕಲೆಯಿಲ್ಲ. ಮೂರು ವರ್ಷದ ಹಿಂದಿನ ಸಂಪುಟವನ್ನೂ ನಾನೇ ಹೊಲಿದಿದ್ದೆ. ಆಗ ಅವರ ಹಾಳೆಯಲ್ಲೂ ಕೆಂಪು ಪೆನ್ಸಿಲಿನ ಗೀಟುಗಳಿದ್ದವು. ವಯಸ್ಸಾದಂತೆ ಕೆಲವರು ಹೀಗೆ ಶುದ್ಧವಾಗುತ್ತಾ ಹೋಗುತ್ತಾರೆ.

ಅವರು ಬೆಳಿಗ್ಗೆ ಕಿಟಕಿಯ ಪಕ್ಕ ಮೇಜಿಗೆ ಕೂರುವುದು, ಹಾಳೆಯನ್ನು ತುದಿಬೆರಳಲ್ಲಿ ಎತ್ತಿ ಓದಿ ಹಾಗೇ ಕೆಳಗಿಡುವುದು ನನಗೆ ಕಾಣುತ್ತದೆ. ಕಾಗದಕ್ಕೂ ನೋವಾಗಬಾರದು ಎನ್ನುವ ಮನುಷ್ಯ. ಅಂಥವರನ್ನು ಕುರುಡರನ್ನಾಗಿ ಮಾಡಿ ಕೂತು ಅಳುತ್ತಾರೆ ಈ ಜನ.

ಮಾರ್ಚ್ 17, ಭಾನುವಾರ

ಹೊಸ ಬೆನ್ನು ಹಾಕಿ ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಇದನ್ನು ಸುಡಬೇಕು ಎಂದು ಎಲ್ಲರೆದುರು ಹೇಳಿದೆ. ಹೊಲಿದು ತಂದವಳೇ ಸುಡು ಎನ್ನುತ್ತಾಳಲ್ಲ ಎಂದು ಟೈಲರಣ್ಣ ನಕ್ಕರು. ಕೆಲಸ ಬೇರೆ, ನ್ಯಾಯ ಬೇರೆ ಎಂದೆ.

ಎರಡು ತಾಸು ವಾದವಾಯಿತು. ನರ್ಸಕ್ಕ ಪತ್ರಿಕೆಗಳ ಮಾತೆತ್ತಿದರು. ನಟರು ಏನು ತಿಂದರು, ಯಾರ ಜೊತೆ ಓಡಾಡಿದರು ಎಂದು ಅವರು ಬರೆದು ನಿಜವೆಂದು ಮಾರುತ್ತಾರೆ, ನಾವು ಸುಳ್ಳೆಂದು ಒಪ್ಪಿ ಬೀಗ ಹಾಕುತ್ತೇವೆ, ಹೆಚ್ಚು ಮರ್ಯಾದೆ ಯಾರದು ಎಂದು ಕೇಳಿದರು. ಮರ್ಯಾದೆಯಲ್ಲಿ ಹೆಚ್ಚು ಕಡಿಮೆ ಇಲ್ಲ ಎಂದೆ. ನಟರು ನಮಗೆ ಕೊಟ್ಟದ್ದು ದನಿ. ಬಾಡಿಗೆಗೆ ಕೋಣೆ ಕೊಟ್ಟವರ ಅಡುಗೆಮನೆಗೆ ನುಗ್ಗುತ್ತೀರಾ ಎಂದೆ. ಈ ಮಾತು ನಾಟಿತು.

ಆಮೇಲೆ ಪೋಸ್ಟ್‌ಮ್ಯಾನ್ ತಾತ ಗಂಟಲು ಸರಿಮಾಡಿಕೊಂಡರು. ಮೂವತ್ತು ವರ್ಷ ಕಂಡವರ ಕಾಗದ ಹೊತ್ತವರು.

"ಕವರು ಒಡೀದೇನೆ ಎಷ್ಟು ಕಥೆ ಕಟ್ಟಿದೀನಿ ಗೊತ್ತೇನಮ್ಮ. ಈ ಮನೆ ಮಗ ಕಾಸು ಕೇಳಿದಾನೆ, ಆ ಮನೆ ಸೊಸೆ ತವರಿಗೆ ಬರೆದಿದಾಳೆ. ಕಥೆ ನನ್ನದು, ಕವರು ಅವರದು. ಬಾಗಿಲಲ್ಲಿ ಕವರು ಮಾತ್ರ ಕೊಟ್ಟು ಬಂದೆ."

ಇದು ವಾದವಲ್ಲ, ಬರೀ ಮಾತಿನ ಚಮತ್ಕಾರ. ಟೈಲರಣ್ಣ ನನ್ನ ಕಡೆ ನೋಡಿ, "ಕರಪತ್ರಾ, ನೀನು ಕೋರ್ಟಲ್ಲಿ ಹುಟ್ಟಬೇಕಿತ್ತು, ದಾರಿ ತಪ್ಪಿ ಗೋಂದಿನ ಡಬ್ಬಿ ಪಕ್ಕ ಹುಟ್ಟಿದೀಯ," ಎಂದರು. ಎಲ್ಲ ನಕ್ಕರು. ಕೈ ಎತ್ತಿಸಿದೆವು. ಸುಡಬಾರದು ಎನ್ನುವವರು ಹತ್ತು, ಸುಡಬೇಕು ಎನ್ನುವವಳು ಒಬ್ಬಳು.

ಮೆಟ್ಟಿಲಿಳಿಯುವಾಗ ಟೀಚರ್ ನನ್ನ ಹೆಗಲ ಮೇಲೆ ಕೈ ಹಾಕಿದರು. ಮೀಟಿಂಗಿನುದ್ದಕ್ಕೂ ಅವರು ತುಟಿ ಬಿಚ್ಚಿರಲಿಲ್ಲ.

"ಕೆಲವು ಸುಳ್ಳು ಅಂತ ಇದ್ರೇನೇ ಕ್ಷೇಮ ಕಣೇ. ಇದನ್ನ ಇಲ್ಲಿಗೆ ಬಿಡು. ಹೊರಗೆ ಮಾತ್ರ ತಗೊಂಡು ಹೋಗಬೇಡ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದನ್ನು ಇವರೂ ಕಲಿತಿದ್ದಾರೆ. ಹೆಗಲು ಕೊಡವಿಕೊಂಡು ಬಂದೆ.

ಮಾರ್ಚ್ 18, ಸೋಮವಾರ

ನನಗೆ ಈ ವಿಷಯದಲ್ಲಿ ಯಾಕಿಷ್ಟು ಉರಿ ಎಂದು ನರ್ಸಕ್ಕ ಕೇಳಿದ್ದರು. ಅಲ್ಲಿ ಹೇಳಲಿಲ್ಲ, ಇಲ್ಲಿ ಬರೆಯುತ್ತೇನೆ. ಅಪ್ಪ ಮನೆ ಬಿಟ್ಟು ಹೋದಾಗ ನನಗೆ ಒಂಬತ್ತು ವರ್ಷ. ಯಾಕೆ ಹೋದ ಎಂದು ನಮಗೇ ಗೊತ್ತಿರಲಿಲ್ಲ, ಓಣಿಗೆಲ್ಲ ಗೊತ್ತಿತ್ತು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು. ಅಷ್ಟು ಸಾಕಾಗಿತ್ತು ಅವರಿಗೆ. ನಲ್ಲಿಯ ಹತ್ತಿರ ನಾನು ಕೊಡ ಹಿಡಿದು ಹೋದರೆ ಮಾತು ನಿಲ್ಲುತ್ತಿತ್ತು. ಅವರೂ ಅಮ್ಮನನ್ನು ಒಂದು ಪಾತ್ರ ಮಾಡಿಕೊಂಡಿದ್ದರು. ಅವರೂ ನಗುತ್ತಿದ್ದರು, ಒಮ್ಮೊಮ್ಮೆ ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಆಗ ಅಮ್ಮನ ಪರವಾಗಿ ಒಬ್ಬರಾದರೂ ಒಂದು ಕರಪತ್ರ ಬರೆದಿದ್ದರೆ!

ಮಾರ್ಚ್ 26, ಮಂಗಳವಾರ

ಬರೆದು ಮುಗಿಸಿದೆ. ತಲೆಬರಹ: 'ಬದುಕಿರುವವರು ಪಾತ್ರಗಳಲ್ಲ'. ಯಾರ ಹೆಸರನ್ನೂ ಎತ್ತಿಲ್ಲ, ಬಳಗದ ಹೆಸರೂ ಇಲ್ಲ. ನನ್ನದು ವ್ಯಕ್ತಿಗಳ ಮೇಲಿನ ಹಗೆಯಲ್ಲ. ಆದರೆ ಉದಾಹರಣೆ ಇಲ್ಲದ ಕರಪತ್ರ ಉಪ್ಪಿಲ್ಲದ ಅಡುಗೆ. ಆದ್ದರಿಂದ ಮೂರನೆಯ ಪ್ಯಾರಾದಲ್ಲಿ ಹೀಗೆ ಬರೆದೆ:

'ಈ ಅಭಿಮಾನಿಗಳು ಎಲ್ಲಿಯವರೆಗೆ ಹೋಗಿದ್ದಾರೆಂದರೆ, ಗುರುವಾರದ ನಾಟಕದ ಹಿರಿಯ ನಟರಿಗೆ ಕಣ್ಣೇ ಕಾಣಿಸುವುದಿಲ್ಲವೆಂದೂ ಅವರು ಸಹನಟರಿಂದ ಹೇಳಿಸಿಕೊಂಡು ಬಾಯಿಪಾಠ ಮಾಡುತ್ತಾರೆಂದೂ ಹಾಳೆ ಹಿಡಿಯುವುದು ನೆಪಕ್ಕೆಂದೂ ಕಥೆ ಕಟ್ಟಿ ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ. ಇದಕ್ಕಿಂತ ನೀಚತನ ಉಂಟೇ?'

ಓದಿ ಎಲ್ಲರಿಗೂ ರಕ್ತ ಕುದಿಯಬೇಕು.

ಮೇಲುಹೊದಿಕೆಗೆ ತರಿಸಿದ್ದ ದಪ್ಪ ಕಾಗದದ ತುಂಡುಗಳು ಉಳಿದಿದ್ದವು. ಯಜಮಾನರನ್ನು ಕೇಳಿದೆ. ತಗೋ, ಇಲ್ಲಿದ್ರೂ ಇಲಿಗೆ ತಾನೆ ಎಂದರು. ಊಟದ ಬಿಡುವಿನಲ್ಲಿ ಇನ್ನೂರು ಪ್ರತಿ ತೆಗೆದೆ. ಅಂಚು ಕತ್ತರಿಸಿದ್ದು ಎಷ್ಟು ನೇರವಾಗಿ ಬಂದಿದೆ ಎಂದರೆ, ಮುಟ್ಟಿದರೆ ಬೆರಳು ಕೊಯ್ಯಬೇಕು.

ಏಪ್ರಿಲ್ 4, ಗುರುವಾರ

ಅವರು ನನ್ನ ಜೊತೆ ಮಾತಾಡಿದರು!

ಕ್ರಮವಾಗಿ ಬರೆಯಬೇಕು. ಅರ್ಧ ದಿನ ರಜೆ ಹಾಕಿ ರೇಡಿಯೋ ಕಟ್ಟಡದ ಗೇಟಿನ ಹತ್ತಿರ ನಿಂತೆ. ಒಳಗೆ ಹೋಗುವವರಿಗೆ, ಹೊರಗೆ ಬರುವವರಿಗೆ, ಬಸ್ಸಿಗೆ ಕಾಯುವವರಿಗೆ ಹಂಚಿದೆ. ಕಾವಲಿನವನು ಮೊದಲು ಗದರಿದ, ಆಮೇಲೆ ಓದಿ, ಒಳಗೆ ಅಧಿಕಾರಿಗಳ ಮೇಜಿನ ಮೇಲೂ ಇಡ್ತೀನಿ ಎಂದು ಹತ್ತು ಪ್ರತಿ ಇಸಿದುಕೊಂಡ. ಸತ್ಯಕ್ಕೆ ತಾನಾಗಿ ಕಾಲು ಬರುತ್ತದೆ.

ಮೂರು ಗಂಟೆಗೆ ಅವರಿಬ್ಬರೂ ಬಂದರು. ನಾನು ನೆನೆಸಿದ್ದಕ್ಕಿಂತ ದೊಡ್ಡವರು ಕುಳ್ಳು. ಚಿಕ್ಕವರು ಅವರ ಮೊಣಕೈ ಹಿಡಿದುಕೊಂಡು, ತಲೆ ಬಗ್ಗಿಸಿ ಏನೋ ಹೇಳುತ್ತಾ ನಡೆಯುತ್ತಿದ್ದರು. ಹದಿನಾಲ್ಕು ವರ್ಷದ ಸ್ನೇಹ ಹಾಗಿರುತ್ತದೆ. ನಾನು ಎದುರು ಹೋಗಿ, ಸಾರ್, ಇದು ನಿಮ್ಮ ಪರವಾಗಿ ಬರೆದದ್ದು ಎಂದು ಕೈಗೆ ಕೊಟ್ಟೆ. ದೊಡ್ಡವರು ನಿಂತರು. ಕಾಗದವನ್ನು ಹೆಬ್ಬೆರಳಿನಿಂದ ನಿಧಾನವಾಗಿ ಸವರಿದರು.

"ಒಳ್ಳೆ ಕಾಗದ ಕಣಮ್ಮ. ದಪ್ಪ ಇದೆ."

ರೇಡಿಯೋದಲ್ಲಿ ಕೇಳುವ ಅದೇ ದನಿ. ಬೈಂಡಿಂಗ್ ಕೆಲಸದವಳಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಏನಿದೆ? ಅಲ್ಲೇ ಓದಲಿಲ್ಲ, ಮಡಚಿ ಎದೆಯ ಜೇಬಿಗೆ ಇಟ್ಟುಕೊಂಡರು. ನಂಬಿಕೆ ಎಂದರೆ ಅದು.

ಚಿಕ್ಕವರು ತಮ್ಮ ಪ್ರತಿಯನ್ನು ಅಲ್ಲೇ ಓದಿದರು. ಮುಖ ಬಿಳಿಚಿಕೊಂಡಿತು. ಒಂದು ಹೆಜ್ಜೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಯಾರ್‍ಯಾರಿಗೆ ಕೊಟ್ಟಿದೀಯ ಇದನ್ನ?" ಇನ್ನೂರಕ್ಕೆ ನೂರೆಂಬತ್ತು ಹೋಯಿತು ಸಾರ್ ಎಂದು ಹೆಮ್ಮೆಯಿಂದ ಹೇಳಿದೆ. ಅವರು ದೊಡ್ಡವರನ್ನು ಬಿರಬಿರನೆ ಒಳಗೆ ಕರೆದುಕೊಂಡು ಹೋದರು. ಪಕ್ಕದವರಿಗೆ ಬೆಳಕು ಬಿದ್ದರೆ ಕೆಲವರಿಗೆ ಸಹಿಸಲು ಆಗುವುದಿಲ್ಲ. ಚಿಕ್ಕವರ ಬಗ್ಗೆ ನನಗಿದ್ದ ಅಭಿಪ್ರಾಯ ಬದಲಾಯಿತು.

ಏಪ್ರಿಲ್ 11, ಗುರುವಾರ

ಇವತ್ತು ನಾಟಕ ಬರಲಿಲ್ಲ. 'ಕಾರಣಾಂತರಗಳಿಂದ' ಎಂದು ಹೇಳಿ ಅರ್ಧ ಗಂಟೆ ವೀಣೆ ಹಾಕಿದರು. ಹದಿನಾಲ್ಕು ವರ್ಷದಲ್ಲಿ ಹೀಗಾಗಿರಲಿಲ್ಲ. ಅಮ್ಮ ರೇಡಿಯೋ ತಟ್ಟಿ ನೋಡಿದಳು.

ನನಗೆ ಗೊತ್ತು ಏನಾಗಿದೆ ಎಂದು. ದೊಡ್ಡವರು ಮನೆಗೆ ಹೋಗಿ, ಅಂಗಿ ಬದಲಿಸುವಾಗ ಜೇಬಿನಿಂದ ಕರಪತ್ರ ತೆಗೆದಿದ್ದಾರೆ. ಕಿಟಕಿಯ ಪಕ್ಕ ಕೂತು ಎರಡು ಸಲ ಓದಿದ್ದಾರೆ. ಇಷ್ಟು ದಿನ ತನ್ನ ಬೆನ್ನ ಹಿಂದೆ ಏನು ನಡೆಯುತ್ತಿತ್ತು ಎಂದು ತಿಳಿದು ಮೊದಲು ನೋವಾಗಿದೆ, ಆಮೇಲೆ ಸಮಾಧಾನವಾಗಿದೆ. ಚಿಕ್ಕವರಿಗೆ ಫೋನ್ ಮಾಡಿ, "ನಮ್ಮ ಪರವಾಗಿಯೂ ಒಬ್ಬಳು ಇದ್ದಾಳಯ್ಯ," ಎಂದಿದ್ದಾರೆ. ಬೀಗದ ಪುಸ್ತಕ ನಿಲ್ಲುವವರೆಗೆ ತಾನು ಮೈಕಿನ ಮುಂದೆ ನಿಲ್ಲುವುದಿಲ್ಲ ಎಂದು ಅಧಿಕಾರಿಗಳಿಗೆ ಹೇಳಿರಬೇಕು. ಹೇಳಿದ್ದಾರೆ. ಆ ದನಿಯಲ್ಲಿ ಹೇಳಿದರೆ ಯಾರು ಇಲ್ಲ ಎನ್ನುತ್ತಾರೆ?

ಏಪ್ರಿಲ್ 16, ಮಂಗಳವಾರ

ಗುಮಾಸ್ತರು ಬೈಂಡಾದ ಸಂಪುಟಗಳನ್ನು ಒಯ್ಯಲು ಬಂದಿದ್ದರು. ನಾನು ಒಳಗಿನ ಮೇಜಿನಲ್ಲಿ ಹಾಳೆ ಮಡಚುತ್ತಿದ್ದೆ. ಯಜಮಾನರು ನಾಟಕ ಯಾಕೆ ಬರಲಿಲ್ಲ ಎಂದು ಕೇಳಿದರು. ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ.

"ಯಾರೋ ಪುಣ್ಯಾತ್ಮರು ಗೇಟಿನ ಹತ್ರ ಕಾಗದ ಹಂಚಿದ್ರು ಸ್ವಾಮಿ. ನಟರ ಬಗ್ಗೆ ಕಥೆ ಕಟ್ಟಬಾರದು, ಅವರಿಗೆ ಕಣ್ಣು ಕಾಣಲ್ಲ ಅಂತೆಲ್ಲ ಬರೀಬಾರದು ಅಂತ. ಅದು ಸಾಹೇಬರ ಮೇಜಿಗೆ ಬಂತು. ಅವರಿಗೆ ಅನುಮಾನ ಹತ್ತಿತು. ರೆಕಾರ್ಡಿಂಗ್ ದಿನ ಜೊತೆಯ ನಟರನ್ನ ಏನೋ ನೆವ ಹೇಳಿ ಆಫೀಸಿಗೆ ಕರೆಸಿದ್ರು. ಹಿರಿಯರ ಕೈಗೊಂದು ಹಾಳೆ ಕೊಟ್ಟು, ಸಾರ್, ಕೊನೇ ಮಾತು ಬದಲಾಗಿದೆ, ಒಂದ್ಸಲ ಓದಿಬಿಡಿ ಅಂದ್ರು."

"ಓದಿದ್ರಾ?"

"ಓದಿದ್ರು. ಮೂರು ನಿಮಿಷ. ಮುಳುಗಿದ ಹಡಗಿನಲ್ಲಿದ್ದ ಒಬ್ಬೊಬ್ಬರ ಹೆಸರೂ ಹಿಡಿದು ಕರೆದ್ರು. ನಮ್ಮ ರೆಕಾರ್ಡಿಂಗ್ ಯಂತ್ರದವನು ಕಣ್ಣಲ್ಲಿ ನೀರು ಹಾಕ್ಕೊಂಡ." ಗುಮಾಸ್ತರು ಸಂಪುಟದ ಬೆನ್ನು ಸವರಿದರು. "ಹಾಳೆ ಖಾಲಿ ಇತ್ತು ಸ್ವಾಮಿ. ಒಂದಕ್ಷರ ಇರಲಿಲ್ಲ."

ಎರಡು ವರ್ಷದಿಂದ ಕಾಣುತ್ತಿರಲಿಲ್ಲವಂತೆ. ಓದಲಾಗದವರನ್ನು ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲವಂತೆ. ಶಾಲು ಹೊದಿಸಿ ಕಳಿಸಿದರಂತೆ.

ಕಾಗದ ಹೇಗಿತ್ತು ಎಂದು ಯಜಮಾನರು ಕೇಳಿದರು. ಒಳ್ಳೇ ದಪ್ಪ, ನಿಮ್ಮಲ್ಲಿ ರಟ್ಟಿನ ಮೇಲೆ ಅಂಟಿಸ್ತೀರಲ್ಲ ಅಂಥದ್ದು ಎಂದರು ಗುಮಾಸ್ತರು. ಯಜಮಾನರು ನನ್ನ ಕಡೆ ತಿರುಗಿ ನೋಡಿದರು.

ಏಪ್ರಿಲ್ 17, ಬುಧವಾರ

ತಪ್ಪು ಆ ಕಥೆ ಬರೆದವರದು. ಬರೆಯದಿದ್ದರೆ ನಾನು ಖಂಡಿಸಬೇಕಾಗಿಯೇ ಇರಲಿಲ್ಲ.

ಏಪ್ರಿಲ್ 18, ಗುರುವಾರ

ಕ್ಯಾಪ್ಟನ್ ಸತ್ತ. ಚಿಕ್ಕವರು ಒಂದೇ ಒಂದು ವಾಕ್ಯದಲ್ಲಿ ಹೇಳಿದರು: "ಹೋದ ವಾರ ದೋಣಿ ತಗೊಂಡು ಹೋದವನು ತಿರುಗಿ ಬರಲಿಲ್ಲ." ಆಮೇಲೆ ಅಲೆಯ ಸದ್ದು.

ಏಪ್ರಿಲ್ 21, ಭಾನುವಾರ

ಟೈಲರಣ್ಣನ ಅಂಗಡಿಗೆ ಹೋದೆ. ಮೇಲಿನ ಕೋಣೆಗೆ ಬೀಗ. ಟೈಲರಣ್ಣ ಹೊಲಿಗೆಯಿಂದ ತಲೆ ಎತ್ತಲಿಲ್ಲ. ಅವರು ಒಂದು ಚುಚ್ಚುಮಾತನ್ನಾದರೂ ಆಡಿದ್ದರೆ ಚೆನ್ನಾಗಿತ್ತು. ಟೀಚರ್ ಮೆಟ್ಟಿಲ ಮೇಲೆ ಕೂತಿದ್ದರು, ನಾನು ಬರುತ್ತೇನೆಂದು ಗೊತ್ತಿದ್ದವರ ಹಾಗೆ.

ನಾನೇ ಮೊದಲು ಕೇಳಿದೆ, ನಿಮಗೆ ಯಾರು ಹೇಳಿದ್ದರು ಎಂದು.

"ಯಾರೂ ಹೇಳಿರಲಿಲ್ಲ. ಕೇಳಿಸ್ತು," ಎಂದರು. "ಮೊದಲೆಲ್ಲ ನಾಟಕದಲ್ಲಿ ಎರಡು ಕಡೆಯಿಂದ ಹಾಳೆ ಮಗುಚೋ ಸದ್ದು ಬರ್ತಿತ್ತು. ಎರಡು ವರ್ಷದಿಂದ ಒಂದೇ ಕಡೆ. ಚಿಕ್ಕವರದು ಮಾತ್ರ. ಹತ್ತೂ ಜನಕ್ಕೆ ಕೇಳಿಸ್ತು, ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಹಾಗಂತ ಹೊಟ್ಟೇಲಿ ಇಟ್ಕೊಳ್ಳೋಕೂ ಆಗಲಿಲ್ಲ. ನಿಜ ಇರಬಹುದು ಅನ್ನೋ ಭಯಕ್ಕೇ ಕಥೆ ಮಾಡಿದೆ. ಸುಳ್ಳು ಅಂತ ಎಲ್ಲ ಸಹಿ ಹಾಕಿದ್ವಿ."

"ನನಗೊಬ್ಬಳಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲ. ಸಹಿ ಹಾಕಿ ಓದು ಅಂತ."

ದಿನವಿಡೀ ಹಾಳೆ ಮಗುಚುವವಳು ನಾನು. ಕಾಗದದ ತೂಕವನ್ನು ಸದ್ದಿನಲ್ಲೇ ಹೇಳುತ್ತೇನೆಂದು ಬಳಗದಲ್ಲಿ ಜಂಬ ಕೊಚ್ಚಿದವಳು. ಇದನ್ನು ಟೀಚರ್ ಎತ್ತಿ ಆಡಲಿಲ್ಲ. ನಾನೂ ಎತ್ತಲಿಲ್ಲ. ಕಲೆಯಿಲ್ಲದ ಆ ಹಾಳೆಗಳ ವಿಷಯವನ್ನೂ ನಾನು ಹೇಳಲಿಲ್ಲ.

ಆದರೆ ಒಂದು ಹೇಳಿ ಬಂದೆ. ತತ್ವ ತತ್ವವೇ. ಕಥೆ ನಿಜವಾಗಿದ್ದರೆ ಅದನ್ನು ಬರೆದದ್ದು ಇನ್ನೂ ದೊಡ್ಡ ತಪ್ಪು ಎಂದೆ. ಟೀಚರ್ ತಲೆಯಾಡಿಸಿದರು. ಇರಬಹುದು ಕಣೇ ಎಂದರು. ವಾದ ಮಾಡಿದ್ದರೆ ಗೆಲ್ಲುತ್ತಿದ್ದೆ.

ಏಪ್ರಿಲ್ 28, ಭಾನುವಾರ

ಹೋಗಲು ಜಾಗವಿಲ್ಲದ ಭಾನುವಾರ. ಅಮ್ಮನ ಜೊತೆ ಕೂತು ಬಟ್ಟೆ ಮಡಚಿದೆ. ಅವಳಿಗೆ ನಾನೇನೂ ಹೇಳಿಲ್ಲ. ಆದರೂ ಎರಡು ವಾರದಿಂದ ನನ್ನ ಮುಖ ನೋಡುತ್ತಿದ್ದಾಳೆ. ಮಾತಿಗೆ ಮಾತು ಬಂದು, ಆಗ ಓಣಿಯಲ್ಲಿ ಆಡಿಕೊಂಡವರನ್ನೆಲ್ಲ ಹೇಗೆ ಮರೆತೆ ಎಂದು ಕೇಳಿದೆ. ಅಮ್ಮ ದಿಂಬಿನ ಚೀಲವನ್ನು ಕೊಡವಿ ಮಡಚಿದಳು.

"ಆಡಿಕೊಂಡವರು ಹತ್ತಾರು ಜನ. ಒಬ್ಬರ ಮುಖಾನೂ ನೆನಪಿಲ್ಲ. ನನ್ನ ಕಿವಿಗಂತೂ ಅವರು ಹಾಕಲಿಲ್ಲ, ನಲ್ಲಿ ಹತ್ರಾನೇ ಆಡ್ಕೊಂಡು ಅಲ್ಲೇ ಬಿಟ್ರು. ಕೆಳಗಿನ ಮನೆಯವಳು ಒಬ್ಬಳು ಇದ್ದಳಲ್ಲ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ ಕಣೇ ಅಂತ ಅದನ್ನೆಲ್ಲ ಹೊತ್ತು ತಂದು ನನ್ನ ಹೊಸಿಲ ಮೇಲೆ ಸುರಿದಳು. ಅವಳ ಮುಖ ಮರೆತಿಲ್ಲ."

ಅವಳು ಸುಳ್ಳು ಹೇಳಿರಲಿಲ್ಲವಲ್ಲ ಎಂದೆ.

"ಇಲ್ಲ," ಎಂದಳು ಅಮ್ಮ. "ಆಣೆ ಮಾಡಿ ಹೇಳಿದ್ದಳು."

ಮೇ 2, ಗುರುವಾರ

ಟೀಚರ್ ಅಂಗಡಿಗೆ ಬಂದರು. ಗಿರಾಕಿಯ ಹಾಗೆ ಕಟ್ಟೆಯ ಆಚೆ ನಿಂತು, ಇದನ್ನು ಚೂರು ಮಾಡಿಕೊಡಬೇಕು ಎಂದು ಯಜಮಾನರಿಗೆ ಹೇಳಿದರು. ಬಟ್ಟೆ ಬಿಚ್ಚಿದರೆ ಬೀಗದ ಪುಸ್ತಕ. ಬಳಗ ಮುಚ್ಚಿತಂತೆ. ಪೋಸ್ಟ್‌ಮ್ಯಾನ್ ತಾತನಿಗೆ ಸುಡುವುದು ಬೇಡವೆನಿಸಿತಂತೆ, ಹೊಗೆ ಯಾರಾದರೂ ನೋಡುತ್ತಾರೆ ಎಂದು.

ಯಜಮಾನರು ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಯಂತ್ರ ನಡೆಸುವವಳು ನಾನು ತಾನೆ.

ನಾನು ಹಾಕಿದ ಬೆನ್ನು ಇನ್ನೂ ಹೊಸದಾಗಿತ್ತು. ಚಾಕುವಿನ ಕೆಳಗೆ ಇಡುವ ಮುಂಚೆ ಟೀಚರ್ ತಡೆದು, ಮೊದಲ ಪುಟವನ್ನು ಜೋಪಾನವಾಗಿ ಹರಿದು ತೆಗೆದುಕೊಂಡರು. ಸಹಿಗಳ ಪುಟ. ಅದನ್ನು ನಾಲ್ಕಾಗಿ ಮಡಚಿ ಪರ್ಸಿಗೆ ಹಾಕುತ್ತಾ, "ನಿಂದು ಇದರಲ್ಲಿಲ್ಲ. ನೀನು ಬಚಾವ್," ಎಂದರು. ಕುಹಕವಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ತಿರುಗಿ ಹೇಳಬಹುದಿತ್ತು.

ಹಿಡಿ ಎಳೆದೆ. ನಾನು ಮಾರ್ಚಿನಲ್ಲಿ ಕೇಳಿದ್ದು ಇದನ್ನೇ. ನನ್ನ ಠರಾವು ಗೆದ್ದ ಹಾಗಾಯಿತು.

ಮೇ 9, ಗುರುವಾರ

ನಾಟಕ ಮತ್ತೆ ಶುರುವಾಗಿದೆ. ಕ್ಯಾಪ್ಟನ್ನನಿಗೆ ತಮ್ಮನೊಬ್ಬ ಇದ್ದನಂತೆ, ಹದಿನಾಲ್ಕು ವರ್ಷ ಯಾರೂ ಹೇಳಿರಲಿಲ್ಲ. ಇವತ್ತು ದೀಪಸ್ತಂಭಕ್ಕೆ ಬಂದ. ಎಳೆಯ ದನಿ, ಗಟ್ಟಿ ದನಿ, ಅವಸರದ್ದು. ಅಮ್ಮ ಪರವಾಗಿಲ್ಲ ಎಂದಳು. ನಾನು ರೇಡಿಯೋಗೆ ಕಿವಿ ಹಚ್ಚಿ ಕೂತಿದ್ದೆ. ಎಂಟು ಸಲ ಕೇಳಿಸಿತು. ಚಿಕ್ಕವರದು ನಾಲ್ಕು, ಹೊಸಬನದು ನಾಲ್ಕು. ತೆಳು ಕಾಗದ, ಒರಟಾಗಿ ಮಗುಚುತ್ತಾನೆ.

ದೊಡ್ಡವರೂ ಇದನ್ನು ಕೇಳುತ್ತಿದ್ದರು. ಕಿಟಕಿಯ ಪಕ್ಕದ ಅದೇ ಕುರ್ಚಿಯಲ್ಲಿ ಕೂತು, ರೇಡಿಯೋದ ಗುಂಡಿಯ ಮೇಲೆ ಒಂದು ಕೈ ಇಟ್ಟುಕೊಂಡು. ಹೊಸಬನ ಹಾಳೆಯ ಸದ್ದು ಬಂದಾಗ ಸ್ವಲ್ಪ ನಕ್ಕರು. ನಾಟಕ ಮುಗಿದ ಮೇಲೆ ಎದೆಯ ಜೇಬಿನಿಂದ ನನ್ನ ಕರಪತ್ರ ತೆಗೆದು, ಮಡಿಕೆ ಬಿಡಿಸಿ ಹೆಬ್ಬೆರಳಿನಿಂದ ಸವರಿದರು. ಅದರಲ್ಲಿ ಏನಿದೆ ಎಂದು ಚಿಕ್ಕವರು ಅವರಿಗೆ ಓದಿ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ. "ಆ ಹುಡುಗಿ ಒಳ್ಳೇ ಮನಸ್ಸಿಂದ ಕೊಟ್ಟಿದ್ದು ಕಣಯ್ಯ, ಕಾಗದ ಮುಟ್ಟಿದ್ರೇ ಗೊತ್ತಾಗತ್ತೆ," ಎಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

ಇದು ಕಥೆಯಲ್ಲ. ನಾನು ಅವರನ್ನು ಕಣ್ಣಾರೆ ನೋಡಿದವಳು, ಕೈಯಾರೆ ಕಾಗದ ಕೊಟ್ಟವಳು. ಹೀಗೇ ಆಗಿದೆ. ಇದಕ್ಕೆ ಯಾರ ಸಹಿಯೂ ಬೇಕಾಗಿಲ್ಲ.